ನೆನಪಿಗೆಂದು ಮಾಡಿದ ಬಂದೂಕು

ಸ್ವೀಡನ್ನಿಗೆ ಬಂದು ಎಂಟು ತಿಂಗಳಾದ ಮೇಲೆ ನನಗೊಂದು ಕೆಲಸ ಸಿಕ್ಕಿದೆ, ಅದೂ ಬಂದೂಕು ರಿಪೇರಿಯ ಅಂಗಡಿಯಲ್ಲಿ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಅದನ್ನೇ ಮತ್ತೆ ಎರಡು ಸಲ ಹೇಳಿಸಿದರು. ಫೋನ್ ಕಾರ್ಡಿನ ನಿಮಿಷಗಳು ಸುಮ್ಮನೆ ಕರಗುತ್ತಿವೆಯಲ್ಲ ಎಂದು ನಾನು ಚಡಪಡಿಸುತ್ತಿರುವಾಗ ಅವರು ಕೇಳಿದರು.

"ಅಲ್ಲವಾ, ನಿನ್ನ ಎಂಜಿನಿಯರಿಂಗ್ ಓದಿಸಿದ್ದು ನನ್ನ ಕೆಲಸಾನ ಮಾಡ್ಲಿ ಅಂತೇನು?"

ಅದು ಬೇಸರವೋ ಸಂತೋಷವೋ ನನಗೆ ತಿಳಿಯಲಿಲ್ಲ. ಆಮೇಲೆ ಅವ್ವ ಫೋನ್ ಕಸಿದುಕೊಂಡು, "ನಿಮ್ಮಪ್ಪ ನಗಾಕತ್ತಾನ" ಎಂದಳು.

ಅಪ್ಪ ಬಿಜಾಪುರದಲ್ಲಿ ಪೊಲೀಸ್ ಆರ್ಮರರ್ ಆಗಿದ್ದರು. ಬಂದೂಕು ಹಿಡಿದು ಯಾರನ್ನೂ ಅಟ್ಟಿಸಿಕೊಂಡು ಹೋದವರಲ್ಲ. ಬಂದೂಕು ಕೆಟ್ಟರೆ ಬಿಚ್ಚಿ, ತೊಳೆದು, ಸರಿಮಾಡಿ, ಮತ್ತೆ ಕೋತಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವವರು. ಕೋತು ಎಂದರೆ ಪೊಲೀಸರ ಶಸ್ತ್ರಾಗಾರ. ನಮ್ಮ ಕ್ವಾರ್ಟರ್ಸಿನಿಂದ ನಾಲ್ಕು ಹೆಜ್ಜೆ. ನಾನು ಚಿಕ್ಕವಳಿದ್ದಾಗ ಮಧ್ಯಾಹ್ನ ಅವರಿಗೆ ರೊಟ್ಟಿ ಬುತ್ತಿ ಒಯ್ಯುವುದು ನನ್ನ ಕೆಲಸ. ಅಪ್ಪ ನನ್ನನ್ನು ಬಾಗಿಲ ಹೊರಗೇ ಕೂರಿಸಿ, ಒಳಗೆ ಹಗ್ಗದ ತುದಿಗೆ ಚಿಂದಿ ಕಟ್ಟಿ ತ್ರೀ ನಾಟ್ ತ್ರೀ ರೈಫಲ್ಲಿನ ನಳಿಕೆಯಲ್ಲಿ ಎಳೆಯುತ್ತಿದ್ದರು. ಒಂದು ತುದಿಯಿಂದ ಬೆಳಕಿಗೆ ಹಿಡಿದು ನೋಡಿ "ಕನ್ನಡಿ ಆತು ನೋಡ" ಎನ್ನುತ್ತಿದ್ದರು. ಎಣ್ಣೆ ಮತ್ತು ಕಬ್ಬಿಣ ಸೇರಿದ ಆ ವಾಸನೆ ಅವರ ಅಂಗಿಯಲ್ಲಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ನನ್ನ ಗಂಡ ಬೆಂಗಳೂರಿನವನು, ಯೋನ್‌ಶೋಪಿಂಗ್ ಎಂಬ ಊರಿನ ಒಂದು ಕಂಪನಿಗೆ ಸಾಫ್ಟ್‌ವೇರ್ ಮಾಡಿಕೊಡಲು ಬಂದವನು. ಮಗಳು ಇಲ್ಲಿನ ಶಿಶುವಿಹಾರವಾದ ಡಾಗಿಸ್‌ಗೆ ಹೋಗುತ್ತಿದ್ದಳು, ಅಲ್ಲಿ ಕಲಿತ ಸ್ವೀಡಿಷ್ ಪದಗಳನ್ನು ಮನೆಗೆ ತಂದು ನನ್ನ ಉಚ್ಚಾರ ತಿದ್ದುತ್ತಿದ್ದಳು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದೆ. ಇಲ್ಲಿ ಮಾತ್ರ ಅರ್ಜಿ ಹಾಕಿದ ಕಡೆಯಲ್ಲೆಲ್ಲ ಮೊದಲು ಭಾಷೆ ಕಲಿತು ಬನ್ನಿ ಎನ್ನುತ್ತಿದ್ದರು. ಹೊಸದಾಗಿ ಬಂದವರಿಗೆ ಕೊಮ್ಮುನ್, ಎಂದರೆ ಊರಿನ ನಗರಸಭೆ, ನಡೆಸುವ ತರಗತಿಯಲ್ಲಿ ಭಾಷೆ ಕಲಿಯುತ್ತಿದ್ದಾಗ, ಸ್ಥಳೀಯ ಅಂಗಡಿಯೋ ಶಾಲೆಯೋ ಎಲ್ಲಾದರೂ ಕೆಲವು ತಿಂಗಳು ಕೆಲಸ ಮಾಡಿ ಮಾತು ರೂಢಿಸಿಕೊಳ್ಳಿ ಎಂದು ಟೀಚರ್ ಹೇಳಿದರು. ಉಳಿದವರು ಬೇಕರಿ, ಗ್ರಂಥಾಲಯ ಎಂದು ಬರೆದುಕೊಟ್ಟರು. ನಾನು "ಲೋಹದ ಕೆಲಸ" ಎಂದು ಬರೆದೆ. ಟೀಚರ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಯಾರಿಗೋ ಫೋನ್ ಮಾಡಿದರು.

"ಗನ್ ಶಾಪಾ? ಸೀರಿಯಸ್ಸಾಗಿ ಹೇಳ್ತಿದೀಯಾ?" ಎಂದ ಗಂಡ. "ನೋಡು, ನಮ್ ಟೀಮಲ್ಲಿ ಯಾರಿಗೂ ಹೇಳ್ಬೇಡ. ಲೈಬ್ರರಿ ಅಂದ್ಬಿಡು."

ಅಂಗಡಿ ಊರಿನ ಹೊರಗೆ, ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಕೆಂಪು ಬಣ್ಣದ ಮರದ ಮನೆ, ಅದರ ನೆಲಮಾಳಿಗೆಯಲ್ಲಿ ಎರಡು ಕೋಣೆ. ಮೆಟ್ಟಿಲಿಳಿದು ಬಾಗಿಲು ತೆಗೆದ ಕೂಡಲೇ ಅಪ್ಪನ ಅಂಗಿಯ ವಾಸನೆ ಬಂತು. ಮೊದಲ ದಿನವೇ ಕಣ್ಣು ತುಂಬಿಕೊಂಡು ನಿಂತರೆ ಇವರು ಏನೆಂದುಕೊಂಡಾರು ಎಂದು ಮಫ್ಲರ್ ಬಿಚ್ಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿದ್ದು ನೆನಪಿದೆ.

ಅಂಗಡಿಯ ಯಜಮಾನನಿಗೆ ಅರವತ್ತು ದಾಟಿತ್ತು. ಎತ್ತರದ, ಕಡಿಮೆ ಮಾತಿನ ಮನುಷ್ಯ. ಈ ದೇಶದಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅಪ್ಪನ ವಯಸ್ಸಿನವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಹೆಸರು ಬೇಕಾದ ಕಡೆ ಒಮ್ಮೆ ಕೆಮ್ಮಿ ಮಾತು ಶುರುಮಾಡುತ್ತಿದ್ದೆ. "ಈ ಚಳಿ ನಿನಗೆ ಒಗ್ಗಿಲ್ಲ" ಎಂದು ಆತ ಬಹಳ ದಿನ ನಂಬಿದ್ದ.

ಬಂದೂಕಿನ ಮರದ ಭಾಗಗಳಿಗೆ ಎಣ್ಣೆ ತಿಕ್ಕುವುದು, ತಿರುಪುಗಳನ್ನು ವಿಂಗಡಿಸುವುದು, ಆತನ ಎದುರಿಗೇ ಕೂತು ಬಿಡಿಭಾಗಗಳನ್ನು ತೊಳೆಯುವುದು ನನ್ನ ಪಾಲಿನ ಕೆಲಸ. ಹತ್ತು ಗಂಟೆಗೆ ಫೀಕಾ, ಎಂದರೆ ಕಾಫಿ, ಜೊತೆಗೆ ದಾಲ್ಚಿನ್ನಿ ಬನ್ನು. ಎಷ್ಟೇ ಅವಸರದ ಕೆಲಸವಿದ್ದರೂ ಆಗ ಕೈ ಒರೆಸಿಕೊಂಡು ಕೂರಲೇಬೇಕು.

ಆ ಫೀಕಾದ ಹೊತ್ತಿಗೆ ಸರಿಯಾಗಿ ವಾರಕ್ಕೆರಡು ಸಲ ಬರುತ್ತಿದ್ದವರು ಒಬ್ಬ ನಿವೃತ್ತ ಅಂಚೆಯವರು. ಎಪ್ಪತ್ತರ ಮೇಲಿನ ವಯಸ್ಸು, ಕುಳ್ಳನೆಯ ಗಟ್ಟಿ ಆಳು. ಕಾಡಿನ ನಡುವಿನ ಒಂಟಿ ಮನೆಗಳಿಗೆ ಮೂವತ್ತು ವರ್ಷ ಕಾಗದ ಹಂಚಿದವರು. ಮದುವೆಯಾಗಿರಲಿಲ್ಲ. ಅವರು ಬಂದು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಂತೇ?"

ಯಜಮಾನ ತಲೆಯಲ್ಲಾಡಿಸುತ್ತಿದ್ದ. "ಇನ್ನೂ ಇಲ್ಲ."

ಬರಬೇಕಾಗಿದ್ದದ್ದು ಒಂದು ಲಿವರ್ ರೈಫಲ್. ಅಂಥದನ್ನು ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ಗುಂಡು ಹಾರಿಸಲು ಒತ್ತುವ ಕುದುರೆಯ ಸುತ್ತ ಬೆರಳು ತೂರಿಸುವ ಉದ್ದನೆಯ ಕಬ್ಬಿಣದ ಬಳೆ ಇರುತ್ತದೆ, ಅದೇ ಲಿವರ್. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರಿ, ಹೊಸದು ಒಳಗೆ ಕೂರುತ್ತದೆ. ಅಮೆರಿಕದಲ್ಲಿ ಹುಟ್ಟಿದ ಹಳೆಯ ಮಾದರಿ. ಮೊದಲು ತಯಾರಾಗಿ ನೂರು ವರ್ಷ ದಾಟಿತ್ತು. ಅದರ ನೆನಪಿಗೆಂದು ಮೊದಲಿನ ರೂಪದಲ್ಲೇ ಕೆಲವೇ ಬಂದೂಕುಗಳನ್ನು ಮತ್ತೆ ತಯಾರಿಸಿ, ಒಂದೊಂದರ ಮೇಲೂ ಅದರ ಸಂಖ್ಯೆ ಕೆತ್ತಿ ಮಾರುತ್ತಿದ್ದರು. ಅಷ್ಟು ಮುಗಿದರೆ ಇನ್ನಿಲ್ಲ. ಅಂಚೆಯವರು ಪೊಲೀಸರಿಂದ ಪರವಾನಗಿ ಪಡೆದು, ಮನೆಯಲ್ಲಿ ಉಕ್ಕಿನ ಕಪಾಟು ಇಡಿಸಿಕೊಂಡು ಕಾಯುತ್ತಿದ್ದರು.

"ನಿಮಗೆ ಅದೇ ಯಾಕೆ ಬೇಕು?" ಎಂದು ನಾನು ಒಂದು ದಿನ ನನ್ನ ಮುರುಕು ಸ್ವೀಡಿಷ್‌ನಲ್ಲಿ ಕೇಳಿದೆ.

ಅವರು ನಿಧಾನವಾಗಿ, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಅವರ ತಂದೆ ಹರೆಯದಲ್ಲಿ ಅಮೆರಿಕಕ್ಕೆ ಹೋಗಿ ಮರ ಕಡಿಯುವ ಕೆಲಸ ಮಾಡಿ, ಆರು ವರ್ಷದ ಮೇಲೆ ಮರಳಿದ್ದರು. ಪೆಟ್ಟಿಗೆಯಲ್ಲಿ ತಂದದ್ದು ಎರಡು ಕಂಬಳಿ, ಒಂದು ಗಡಿಯಾರ, ಒಂದು ಲಿವರ್ ರೈಫಲ್. ಶರತ್ಕಾಲದ ಬೆಳಿಗ್ಗೆ ಬೇಟೆಗೆ ಹೊರಡುವ ಮುಂಚೆ ತಂದೆ ಅಡುಗೆಮನೆಯಲ್ಲಿ ಆ ಲಿವರನ್ನು ಒಂದೇ ಒಂದು ಸಲ ಆಡಿಸಿ ನೋಡುತ್ತಿದ್ದರು. ಆ ಸದ್ದಿಗೆ ಇವರಿಗೆ ಎಚ್ಚರವಾಗುತ್ತಿತ್ತು.

"ನಾನು ಪ್ರತಿ ವರ್ಷ ಅವರ ಜೊತೆ ಕಾಡಿಗೆ ಹೋಗುತ್ತಿದ್ದವನು. ಅಣ್ಣನಿಗೆ ಬೇಟೆಯ ಹುಚ್ಚು ಅಷ್ಟಿರಲಿಲ್ಲ. ಆದರೂ ಅಪ್ಪ ಸಾಯುವ ಮುಂಚೆ ಬಂದೂಕನ್ನು ಕೊಟ್ಟದ್ದು ಅಣ್ಣನಿಗೆ."

"ಈಗ ಅಣ್ಣನ ಹತ್ತಿರ ಇದೆಯೇ?"

"ಕೆರೆಯ ತಳದಲ್ಲಿದೆ," ಎಂದರು ಅಂಚೆಯವರು. "ಅಣ್ಣ ಉತ್ತರದ ಕಡೆ ಹೋಗಿ ನೆಲೆಸಿದ. ಒಂದು ದಿನ ದೋಣಿ ಮಗುಚಿತು. ಆತ ಈಜಿ ಬಂದ. ಅದನ್ನು ನಗುತ್ತಾ ಫೋನಿನಲ್ಲಿ ಹೇಳಿದ. ಆಮೇಲೆ ನಾವು ಮಾತಾಡಲಿಲ್ಲ."

"ಎಷ್ಟು ದಿನ?"

"ಆತ ತೀರಿಕೊಳ್ಳುವವರೆಗೂ."

ಯಜಮಾನ ಎದ್ದು ಎಲ್ಲರ ಲೋಟಕ್ಕೂ ಇನ್ನಷ್ಟು ಕಾಫಿ ಹಾಕಿದ. ಅವನಿಗೆ ಈ ಕತೆ ಎಷ್ಟನೆಯ ಸಲವೋ.

ಬಂದೂಕು ಬಂದದ್ದು ಆಗಸ್ಟಿನಲ್ಲಿ. ಅಂಚೆಯವರು ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಯಜಮಾನ ಮೇಜಿನ ಮೇಲೆ ಕಂಬಳಿ ಹಾಸಿ ಪೆಟ್ಟಿಗೆ ತೆರೆದ. ನಾನು ಅಲ್ಲಿಯವರೆಗೆ ನೋಡಿದ ಬಂದೂಕುಗಳೆಲ್ಲ ದುಡಿಯುವ ಬಂದೂಕುಗಳು, ಮೈಯೆಲ್ಲ ತರಚಿದವು. ಇದು ಮಾತ್ರ ಮದುವೆಗೆ ಸಿಂಗರಿಸಿದ ಹಾಗಿತ್ತು. ಅಕ್ರೋಟು ಮರದ ಹಿಡಿ ಕನ್ನಡಿಯಂತೆ ಮಿಂಚುತ್ತಿತ್ತು. ಎರಡೂ ಮಗ್ಗುಲಲ್ಲಿ ಬಂಗಾರದ ಬಣ್ಣದ ತಗಡು, ಅದರ ಮೇಲೆ ಕೊಂಬೆತ್ತಿ ನಿಂತ ಜಿಂಕೆ, ಅಂಚಿಗೆ ಬಳ್ಳಿ, ನಳಿಕೆಯ ಮೇಲೆ ನೆನಪಿನ ಸಾಲು ಮತ್ತು ಸಂಖ್ಯೆ.

ಅಂಚೆಯವರು ಅದನ್ನು ಎತ್ತಿಕೊಂಡು ಕಣ್ಣು ಮುಚ್ಚಿ ಲಿವರನ್ನು ತಳ್ಳಿದರು.

ಅರ್ಧಕ್ಕೆ ಹೋಗಿ ಅದು ಬಿಗಿಯಿತು. ಒತ್ತಿದಾಗ ಒಳಗೆಲ್ಲೋ ಕರ್ರೆಂದು ಉಜ್ಜಿಕೊಂಡು ಮುಂದೆ ಸರಿಯಿತು. ಮತ್ತೊಮ್ಮೆ ಆಡಿಸಿದರು. ಮತ್ತೆ ಅದೇ ಕರ್ರು. ಅವರು ಕಣ್ಣು ತೆರೆದಾಗ ಮುಖ ನೋಡಲಾಗಲಿಲ್ಲ.

"ಇದಲ್ಲ," ಎಂದರು. "ಅಪ್ಪನದು ಹೀಗಿರಲಿಲ್ಲ."

ಯಜಮಾನ ದೀಪದ ಕೆಳಗೆ ಹಿಡಿದು ನೋಡಿದ. ಒಳಭಾಗ ಎಲ್ಲೋ ನುಣುಪಾಗಿಲ್ಲ, ಸರಿಪಡಿಸಬಹುದು ಎಂದ. ಆದರೆ ವಾಪಸ್ ಕಳಿಸಿದರೆ ಯಾವಾಗ ಬರುತ್ತದೋ, ಬಂದರೂ ಇದೇ ಬಂದೂಕು ಬರುತ್ತದೆಯೋ ಇಲ್ಲವೋ ಹೇಳಲಾಗದು. ಇಲ್ಲೇ ಬಿಚ್ಚಿದರೆ ಅದು ಕಾರ್ಖಾನೆಯಿಂದ ಬಂದ ಹಾಗೆ ಉಳಿಯುವುದಿಲ್ಲ, ಸಂಗ್ರಹಕಾರರ ಕಣ್ಣಲ್ಲಿ ಬೆಲೆ ಇಳಿಯುತ್ತದೆ. ಇಂಥ ಬಂದೂಕನ್ನು ಕೊಂಡವರು ಗುಂಡು ಹಾರಿಸುವುದೂ ಇಲ್ಲ, ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತಾರೆ.

"ನಾನು ಸಂಗ್ರಹ ಮಾಡುವವನಲ್ಲ," ಎಂದರು ಅಂಚೆಯವರು. ಆದರೂ ಆ ದಿನ ಬಿಚ್ಚಿ ಎನ್ನಲು ಬಾಯಿ ಬರಲಿಲ್ಲ ಅವರಿಗೆ. ಒಂದು ವಾರ ಅಂಗಡಿಯಲ್ಲೇ ಬಿಟ್ಟು ಹೋದರು. ಮುಂದಿನ ಮಂಗಳವಾರ ಬಾಗಿಲಲ್ಲೇ ನಿಂತು "ಬಿಚ್ಚಿ" ಎಂದು ಹೇಳಿ, ಕಾಫಿಗೂ ನಿಲ್ಲದೆ ಹೊರಟರು.

ಕಷ್ಟವಿದ್ದದ್ದು ಇಲ್ಲಿ. ಆ ಬೇಸಿಗೆಯಲ್ಲಿ ಯಜಮಾನನ ಬಲಗೈ ಮಣಿಕಟ್ಟಿಗೆ ಆಪರೇಷನ್ ಆಗಿತ್ತು. ಬಿಚ್ಚಿ ಜೋಡಿಸುವುದನ್ನು ಹೇಗೋ ಮಾಡುತ್ತಿದ್ದ. ಕಬ್ಬಿಣ ನುಣುಪಾಗುವಂತೆ ಒಂದೇ ಹದದಲ್ಲಿ ಸಾಣೆಕಲ್ಲು ಉಜ್ಜುವ ಸೂಕ್ಷ್ಮ ಕೆಲಸ ಅವನಿಂದ ಆಗುತ್ತಿರಲಿಲ್ಲ.

"ನಾನು ಪಕ್ಕದಲ್ಲಿ ಕೂತಿರುತ್ತೇನೆ. ನೀನು ಮಾಡು," ಎಂದ ನನಗೆ.

ಮರುದಿನ ಬೆಳಿಗ್ಗೆ ಮಗಳನ್ನು ಡಾಗಿಸ್‌ಗೆ ಬಿಟ್ಟು ಬಂದವಳೇ ಅಪ್ಪನಿಗೆ ಫೋನ್ ಮಾಡಿದೆ.

"ಲಿವರ್ ಗಿವರ್ ನಾ ಕಂಡಿಲ್ಲವಾ," ಎಂದರು ಅಪ್ಪ. "ಕಬ್ಬಿಣಕ್ಕ ಕಬ್ಬಿಣ ತಾಗೂದು ಮಾತ್ರ ಎಲ್ಲಾ ಕಡೆ ಒಂದ. ಮೊದಲ ಎಲ್ಲಿ ತಾಗತೈತಿ ನೋಡ. ಸುಮ್ಮ ತಿಕ್ಕಾಕ ಹೋಗಬ್ಯಾಡ."

"ಹೆಂಗ್ ನೋಡ್ಲಪ್ಪಾ? ಒಳಗ ಕಾಣೂದಿಲ್ಲ."

"ದೀಪದ ಮಸಿ ಹಿಡಿ. ಕಪ್ಪ ಮಾಡಿ ಜೋಡಸು, ಎರಡ ಸಲ ಆಡಸು, ಬಿಚ್ಚು. ಎಲ್ಲಿ ಮಸಿ ಹೋಗಿ ಬೆಳ್ಳಗಾಗಿರ್ತದ, ಅಲ್ಲೇ ರೋಗ. ಎಣ್ಣಿಕಲ್ಲ ತಗೊಂಡ ಮೂರ ಸಲ ಎಳಿ. ಒಂದ ದಿಕ್ಕಿಗೆ ಎಳಿಬೇಕು, ಹಿಂದ ಮುಂದ ಅಲ್ಲ. ಮತ್ತ ಮಸಿ, ಮತ್ತ ನೋಡು. ಅವಸರ ಮಾಡಬ್ಯಾಡವಾ. ತೆಗೆದ ಕಬ್ಬಿಣ ತಿರುಗಿ ಬರೂದಿಲ್ಲ."

ಅಂಗಡಿಗೆ ಹೋಗಿ ನಾನು ಮೇಣದಬತ್ತಿ ಕೇಳಿದೆ. ಯಜಮಾನ ಹುಬ್ಬೇರಿಸಿ, ಕೆಳಗಿನ ಡ್ರಾಯರಿನಿಂದ ಮೋಟು ಬತ್ತಿಯೊಂದನ್ನು ತೆಗೆದು ಕೊಟ್ಟ. ಅದರ ಪಕ್ಕದಲ್ಲಿ ಮಸಿ ಹಿಡಿದ ಚಿಮುಟವೂ ಇತ್ತು. ಅವನು ಮಾಡುತ್ತಿದ್ದದ್ದೂ ಹೀಗೆಯೇ.

"ಯಾರು ಕಲಿಸಿದರು?"

"ಅಪ್ಪ. ಇವತ್ತು ಬೆಳಿಗ್ಗೆ," ಎಂದೆ.

ಅವನು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನ ಕೆಲಸ ಸಾಗಿತು. ಮಸಿ ಹಿಡಿಯುವುದು, ಜೋಡಿಸುವುದು, ಆಡಿಸುವುದು, ಬಿಚ್ಚುವುದು, ಮೂರು ಸಲ ಕಲ್ಲು. ಹೊಳೆಯುವ ಚುಕ್ಕಿ ಪ್ರತಿ ಸಲವೂ ಚಿಕ್ಕದಾಗುತ್ತಾ ಬಂತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಲಿವರ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಕೊನೆಯಲ್ಲಿ ಒಂದು ಚೂರು ಬಿಗಿತವಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಜಮಾನ ಮೇಲೆ ಫೋನ್ ಬಂತೆಂದು ಹೋಗಿದ್ದ. ಅವನು ಬರುವಷ್ಟರಲ್ಲಿ ಪೂರ್ತಿ ಸರಿಮಾಡಿ ತೋರಿಸಬೇಕು ಎಂಬ ಆಸೆ ನನಗೆ. ಕಲ್ಲು ಹಿಡಿದ ಬೆರಳಿಗೆ ಎಣ್ಣೆ ಹತ್ತಿತ್ತು. ಜಾರಿತು.

ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಬಂಗಾರದ ತಗಡಿನ ಮೇಲೆ, ಜಿಂಕೆಯ ಮುಂಗಾಲಿನಿಂದ ಬಳ್ಳಿಯ ಅಂಚಿನವರೆಗೆ ಕೂದಲೆಳೆಯಷ್ಟು ಸಣ್ಣ ಗೀರು. ಬಟ್ಟೆಯಿಂದ ಒರೆಸಿದೆ. ಉಗುರಿನಿಂದ ಮುಟ್ಟಿದೆ. ಗೀರು ಗೀರೇ.

ತಗಡನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟರೆ ಇವತ್ತಿಗೆ ಗೊತ್ತಾಗುವುದಿಲ್ಲ ಎನ್ನುವುದು ಮೊದಲು ಬಂದ ಯೋಚನೆ. ಪೆಟ್ಟಿಗೆಯಲ್ಲಿ ಬಂದಾಗಲೇ ಇತ್ತೇನೋ ಎನ್ನಬಹುದು ಎನ್ನುವುದು ಎರಡನೆಯದು. ಇವೆರಡನ್ನೂ ನಾನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಮೆಟ್ಟಿಲ ಮೇಲೆ ಯಜಮಾನನ ಬೂಟಿನ ಸದ್ದು ಕೇಳಿದಾಗ ತಗಡನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತೆ.

ಅವನು ನೋಡಿದ. ಬಹಳ ಹೊತ್ತು ನೋಡಿದ. "ಇದನ್ನು ಹೇಳಬೇಕಾದವನು ನಾನು," ಎಂದ. "ಅಂಗಡಿ ನನ್ನದು."

"ಗೀರಿದ್ದು ನಾನು. ನಾನೇ ಹೇಳುತ್ತೇನೆ."

ನಾಲ್ಕು ದಿನದ ಮೇಲೆ ಅಂಚೆಯವರು ಬಂದರು. ಮೊದಲು ಲಿವರ್ ಆಡಿಸಿದರು. ಸದ್ದು ಕೇಳಿ ಮುಖ ಅರಳಿತು. ಅದನ್ನು ನೋಡಿಯೇ ನನಗೆ ಅಳು ಬಂತು. ನಾಲ್ಕು ದಿನದಿಂದ ಬಾಯಿಪಾಠ ಮಾಡಿದ್ದ ಸ್ವೀಡಿಷ್ ವಾಕ್ಯವೆಲ್ಲ ಮರೆತುಹೋಗಿ, ಬೆರಳಿನಿಂದ ಗೀರನ್ನು ತೋರಿಸಿ, "ನಾನು. ನನ್ನ ಕೈ. ಕ್ಷಮಿಸಿ" ಎಂದಷ್ಟೇ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಂದೂಕನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಯಜಮಾನನಿಗೆ ತಲೆಯಾಡಿಸಿ ಹೊರಟುಹೋದರು. ನನ್ನ ಕಡೆ ತಿರುಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ.

"ಒಂದ್ ಸ್ಕ್ರಾಚ್ ತಾನೇ," ಎಂದ ಗಂಡ. "ಹೊಸ ಫೋನ್ ಮೇಲೂ ಬೀಳುತ್ತೆ. ಬಿಡು."

ಅವನು ಸಮಾಧಾನಕ್ಕೆ ಹೇಳಿದ್ದು. ನನಗೆ ಸಿಟ್ಟು ಬಂತು. ಮೂರನೆಯ ದಿನ ಯಜಮಾನ ಫೋನ್ ಮಾಡಿ, "ಇವತ್ತು ಎರಡು ಬಂದೂಕಿನ ಮರಕ್ಕೆ ಎಣ್ಣೆ ಹಾಕಬೇಕು. ಬಸ್ಸು ಒಂಬತ್ತೂ ಹತ್ತಕ್ಕೆ" ಎಂದು ಹೇಳಿ ಇಟ್ಟುಬಿಟ್ಟ. ಹೋದೆ. ಆದರೆ ಫೀಕಾದ ಹೊತ್ತಿಗೆ ಬಾಗಿಲಲ್ಲಿ ಸದ್ದಾದರೆ ಲೋಟ ಕೆಳಗಿಟ್ಟು ಅತ್ತ ನೋಡುತ್ತಿದ್ದೆ. ಅಂಚೆಯವರು ಆರು ವಾರ ಅತ್ತ ಸುಳಿಯಲಿಲ್ಲ.

ಅವರು ಬಂದದ್ದು ಅಕ್ಟೋಬರಿನಲ್ಲಿ. ಸಣ್ಣ ಜಿಂಕೆಗಳ ಬೇಟೆ ನಡೆಯುವ ಕಾಲ. ಬೂಟಿಗೆಲ್ಲ ಕೆಸರು, ಟೋಪಿಯ ಮೇಲೆ ಬರ್ಚ್ ಮರದ ಎಲೆ. ಕುರ್ಚಿ ಎಳೆದುಕೊಂಡು ಕೂತು, ಯಜಮಾನ ಕೊಟ್ಟ ಕಾಫಿಯನ್ನು ಅರ್ಧ ಕುಡಿದು, ಆಮೇಲೆ ನನ್ನ ಕಡೆ ತಿರುಗಿದರು.

"ನನಗೆ ಬಹಳ ಸಿಟ್ಟು ಬಂದಿತ್ತು," ಎಂದರು.

"ಗೊತ್ತು."

"ಈಗಲೂ ಸ್ವಲ್ಪ ಇದೆ." ಇನ್ನೊಂದು ಗುಟುಕು ಕುಡಿದರು. "ದಿನಾ ಕಪಾಟು ತೆಗೆಯುವುದು, ಆ ಗೀರು ನೋಡುವುದು, ಮುಚ್ಚುವುದು. ಹೋದ ವಾರ ಅನ್ನಿಸಿತು, ಹೇಗೂ ಕೆಟ್ಟಿದೆ, ಕಾಡಿಗೆ ಒಯ್ದರೇನಂತೆ? ಒಯ್ದೆ. ನಾಲ್ಕು ಬೆಳಿಗ್ಗೆ ಹೋಗಿದ್ದೇನೆ."

"ಜಿಂಕೆ ಸಿಕ್ಕಿತೇ?" ಎಂದ ಯಜಮಾನ.

"ಮೂರನೆಯ ದಿನ ಒಂದು ಎದುರಿಗೇ ಬಂದು ನಿಂತಿತು. ಲಿವರ್ ಆಡಿಸಿದೆ. ಆ ಸದ್ದಿಗೆ ಅದು ಹಾರಿ ಓಡಿತು. ನಾನು ಹಾಗೇ ನಿಂತಿದ್ದೆ." ಉಳಿದ ಕಾಫಿ ಮುಗಿಸಿದರು. "ಗೀರು ಇಲ್ಲದಿದ್ದರೆ ನಾನದನ್ನು ಹೊರಗೆ ತೆಗೆಯುತ್ತಿರಲಿಲ್ಲ ಎಂದು ಕಾಣುತ್ತದೆ. ಹಾಗೆಂದು ಇನ್ನೊಂದು ಗೀರಬೇಡ."

ಆಮೇಲೆ ಬನ್ನಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾವು ಮತ್ತೆ ಮಾತಾಡುವವರಾದೆವು.

ಮುಂದಿನ ವರ್ಷದ ಬೇಸಿಗೆಯಲ್ಲಿ ಅಪ್ಪ, ಅವ್ವ ಬಂದರು. ಅಪ್ಪ ಆಗಷ್ಟೇ ನಿವೃತ್ತರಾಗಿದ್ದರು. ಊರೆಲ್ಲ ತೋರಿಸಿದೆ, ಕೆರೆಯ ದಂಡೆಯಲ್ಲಿ ನಡೆದಾಡಿಸಿದೆ. "ಛಲೋ ಐತಿ" ಎನ್ನುತ್ತಿದ್ದರು, ಆದರೆ ಮನಸ್ಸು ಅಲ್ಲಿರುತ್ತಿರಲಿಲ್ಲ. ಮೂರನೆಯ ದಿನವೇ "ಆ ಅಂಗಡಿ ಯಾವಾಗ ತೋರಸ್ತಿ?" ಎಂದರು.

ಯಜಮಾನ ಅಂಚೆಯವರಿಗೂ ಹೇಳಿ ಕಳಿಸಿದ್ದ. ಅವರು ಬಂದೂಕು ತಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲಿಳಿದು, ಒಳಗೆ ಕಾಲಿಡುವ ಮುಂಚೆ ಚಪ್ಪಲಿ ಬಿಟ್ಟರು. "ಇಲ್ಲಿ ಬೇಕಾಗಿಲ್ಲಪ್ಪಾ" ಎಂದೆ. "ಇರಲಿ" ಎಂದರು. ಅದನ್ನು ನೋಡಿ ಯಜಮಾನನೂ ಬೂಟು ಬಿಚ್ಚಿದ.

ಬಂದೂಕು ಖಾಲಿಯಿದೆಯೆಂದು ಮೊದಲು ತೋರಿಸಿ, ಅಂಚೆಯವರು ಅದನ್ನು ಅಪ್ಪನ ಕೈಗೆ ಕೊಟ್ಟರು. ಆದರೂ ಅಪ್ಪ ತಾವೇ ಇನ್ನೊಮ್ಮೆ ತೆರೆದು, ಒಳಗೆ ಬೆರಳು ಹಾಕಿ ನೋಡಿಕೊಂಡರು. ಅಂಚೆಯವರು ಯಜಮಾನನ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು. ಅಪ್ಪ ತೂಕ ನೋಡಿದರು, ಲಿವರನ್ನು ನಾಲ್ಕು ಸಲ ಆಡಿಸಿದರು, ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಕನ್ನಡಿ ಇಟ್ಟಾರ," ಎಂದರು. ಆಮೇಲೆ ತಗಡಿನ ಮೇಲೆ ಹೆಬ್ಬೆರಳು ಓಡಿಸಿ ನನ್ನ ಕಡೆ ತಿರುಗಿದರು. "ಒಂದ ದಿಕ್ಕಿಗೆ ಎಳಿ ಅಂದಿದ್ನಲ್ಲ?"

"ಒಂದ ದಿಕ್ಕಿಗೇ ಎಳದಿದ್ದೆ. ಕೈ ಜಾರ್ತು."

"ಕೈ ಒರಸ್ಕೊಂಡಿರಲಿಲ್ಲ ಹಂಗಾರ."

ಏನು ಹೇಳಿದರು ಎಂದು ಅಂಚೆಯವರು ಕೇಳಿದರು. ಅನುವಾದಿಸಿ ಹೇಳಿದೆ. ಅವರು ಮೇಜು ತಟ್ಟಿ ನಕ್ಕರು. ಕಳೆದ ವರ್ಷ ತಾವು ಅನ್ನದೆ ಬಿಟ್ಟಿದ್ದನ್ನು ಯಾರೋ ಅಷ್ಟು ದೂರದಿಂದ ಬಂದು ಅಂದುಬಿಟ್ಟರಲ್ಲ ಎಂಬ ಹಾಗೆ.

ಅವರು ದೋಣಿ ಮಗುಚಿದ ಕತೆ ಹೇಳಿದರು. ನಾನು ಕನ್ನಡಕ್ಕೆ ತಂದೆ. ಕೇಳಿ ಮುಗಿದ ಮೇಲೆ ಅಪ್ಪ, ನಾನು ಅದುವರೆಗೆ ಕೇಳಿರದ ಒಂದು ಸಂಗತಿ ಹೇಳಿದರು.

"ನಾ ರಿಟೈರ್ ಆಗೂದಕ್ಕ ಮೊದಲ ಹಳೇ ತ್ರೀ ನಾಟ್ ತ್ರೀ ಎಲ್ಲಾ ವಾಪಸ್ ತಗೊಂಡ್ರು. ಹೊಸಾವು ಬಂದಿದ್ವು. ಹಳೇವು ಕಡದ ಕರಗಸಾಕ ಹೊಂಟಿದ್ವು. ಲಾರಿಗೆ ಹೇರೂ ಮುಂದ ಲೆಕ್ಕ ಹಚ್ಚಾಕ ನನ್ನ ನಿಂದ್ರಿಸಿದ್ರು. ಮೂವತ್ತ ವರ್ಷ ನಾ ಒರಸಿದ ಬಂದೂಕು. ಯಾವುದರ ಬೋಲ್ಟು ಬಿಗಿ, ಯಾವುದರ ಕಟಗಿ ಸೀಳ್ಯದ, ನಂಬರ್ ನೋಡದ ಹೇಳ್ತಿದ್ದೆ. ಆವತ್ತ ಬೆಳಿಗ್ಗೆ ಎಲ್ಲಾಕ್ಕೂ ಎಣ್ಣಿ ಹಚ್ಚಿದೆ. ಕರಗಸಾಕ ಹೋಗೂವುಕ್ಕ ಯಾಕೋ ಮಾರಾಯಾ ಎಣ್ಣಿ ಅಂತ ನಕ್ಕರು. ನನಗ ಹಂಗ ಕಳಸಾಕ ಮನಸಾಗಲಿಲ್ಲ."

ಇದನ್ನೂ ಅನುವಾದಿಸಿ ಹೇಳಿದೆ. ಅಂಚೆಯವರು ಬಂದೂಕನ್ನು ಮೇಜಿನ ಮೇಲೆ ಇಟ್ಟು, ಎಣ್ಣೆಬಟ್ಟೆಯನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಮೇಲಿಂದ ಕೆಳಗೆ, ಒಂದು ಸಂದನ್ನೂ ಬಿಡದೆ, ಅರ್ಧ ಗಂಟೆ ಒರೆಸಿದರು. ಆಮೇಲೆ ನಾನು ಅನುವಾದಿಸಬೇಕಾಗಿ ಬರಲಿಲ್ಲ. ಮೂವರು ಮುದುಕರು ಪೆಟ್ಟಿಗೆಯಿಂದ ಒಂದೊಂದೇ ತಿರುಪು, ಸ್ಪ್ರಿಂಗು ತೆಗೆದು ತೋರಿಸಿಕೊಳ್ಳುತ್ತಾ, ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಾ ಕೂತಿದ್ದರು. ನಾನೂ ಅವ್ವನೂ ಮೇಲೆ ಯಜಮಾನನ ಹೆಂಡತಿಯ ಜೊತೆ ತೋಟದ ಕರಂಟ್ ಹಣ್ಣು ಬಿಡಿಸಿದೆವು.

ಊರಿಗೆ ಮರಳಿದ ಮೇಲೆ ಅಪ್ಪ ಪ್ರತಿ ಫೋನಿನಲ್ಲೂ "ಪೋಸ್ಟಮನ್ ಹೆಂಗದಾನ?" ಎಂದು ಕೇಳುತ್ತಿದ್ದರು.

ಯಜಮಾನ ಬರೆದುಕೊಟ್ಟ ಒಂದು ಪುಟದ ಪತ್ರದಿಂದ ನನಗೆ ಅಳತೆ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಗಂಡನಿಗೆ ಸ್ಟಾಕ್‌ಹೋಮಿನ ಕಡೆ ವರ್ಗವಾಗಿ ನಾವು ಸೊಲ್ಲೆಂಟುನಾಗೆ ಹೋದೆವು. ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತಿತ್ತು, ನಾನೂ ಕಳಿಸುತ್ತಿದ್ದೆ. ದಶಕ ಮುಗಿಯುವ ಹೊತ್ತಿಗೆ ಬಂದ ಕಾರ್ಡಿನಲ್ಲಿ ಅಂಚೆಯವರ ಕಣ್ಣು ಮಂಜಾಗಿದೆ, ಬಂದೂಕನ್ನು ಅಣ್ಣನ ಮಗಳಿಗೆ ಕೊಡುತ್ತಿದ್ದಾರೆ, ಏಪ್ರಿಲಿನಲ್ಲಿ ಆಕೆ ತೆಗೆದುಕೊಂಡು ಹೋಗಲು ಬರುತ್ತಾಳೆ, ಸಾಧ್ಯವಾದರೆ ಬಾ ಎಂದು ಯಜಮಾನ ಬರೆದಿದ್ದ. ನಾನು ಒಂದು ದಿನ ರಜೆ ಹಾಕಿ ರೈಲು ಹತ್ತಿದೆ.

ಆಕೆಗೆ ನಲವತ್ತರ ವಯಸ್ಸು. ಉತ್ತರದ ಕಡೆ ಅರಣ್ಯ ಇಲಾಖೆಯ ಕೆಲಸ. ಅಂಚೆಯವರು ಆಕೆಯನ್ನು ನೋಡುತ್ತಿದ್ದದ್ದೇ ಅದು ಎರಡನೆಯ ಸಲ. ಒಬ್ಬರಿಗೊಬ್ಬರು ಕೈ ಕುಲುಕಿ, ದಾರಿ ಹೇಗಿತ್ತು, ಹಿಮ ಕರಗಿತೇ ಎಂದೆಲ್ಲ ಕೇಳಿಕೊಂಡರು. ಯಜಮಾನ ಆಕೆಯ ಪರವಾನಗಿ ನೋಡಿ ಬಂದೂಕನ್ನು ಮುಂದಿಟ್ಟ. ಆಕೆ ಎತ್ತಿ ಎಡ ಭುಜಕ್ಕೆ ಇಟ್ಟುಕೊಂಡಳು. ಎಡಗೈಯಿಂದಲೇ ಲಿವರ್ ಆಡಿಸಿದಳು.

"ನೀನು ಎಡಗೈಯವಳೇ?" ಎಂದರು ಅಂಚೆಯವರು.

"ಹೌದು. ಅಪ್ಪನ ಹಾಗೆ. ಶಾಲೆಯಲ್ಲಿ ಹೊಡೆದು ಬಲಗೈಯಲ್ಲಿ ಬರೆಸಿದರಂತೆ, ಬಂದೂಕು ಮಾತ್ರ ಎಡ ಭುಜಕ್ಕೇ. ಬೇರೆ ರೈಫಲ್ಲುಗಳಲ್ಲಿ ತೋಟಾ ತುಂಬಲು ಎಳೆಯುವ ಬೋಲ್ಟು ಬಲಗಡೆ ಇರುತ್ತದಲ್ಲ, ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ತಾತ ಇಂಥದನ್ನು ಅವರಿಗೆ ಕೊಟ್ಟದ್ದು. ಲಿವರಿಗೆ ಎಡ ಬಲ ಇಲ್ಲ. ಚಿಕ್ಕವನಿಗೆ ಯಾವ ಬಂದೂಕಾದರೂ ಆಗುತ್ತದೆ, ಅವನ ಕೈ ಒಳ್ಳೆಯದು ಎಂದಿದ್ದರಂತೆ." ಆಕೆ ತಲೆಯೆತ್ತಿ ನೋಡಿದಳು. "ನಿಮಗೆ ಗೊತ್ತಿರಬೇಕಲ್ಲ?"

ಅಂಚೆಯವರ ಕೈ ಕುರ್ಚಿಯ ತೋಳನ್ನು ಹಿಡಿದದ್ದನ್ನು ನಾನು ನೋಡಿದೆ.

"ಎಡ ಭುಜ," ಎಂದರು ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ಹೌದು, ಎಡ ಭುಜ. ಪಕ್ಕದಲ್ಲೇ ನಿಂತಿರುತ್ತಿದ್ದೆನಲ್ಲ ನಾನು."

ಆಕೆಗೆ ಏನೋ ಆಗಬಾರದ್ದು ಆಯಿತೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಬಂದೂಕನ್ನು ಮೇಜಿನ ಮೇಲಿಟ್ಟು ಚಿಕ್ಕಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವರು ಆಕೆಯ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಅಣ್ಣ ಕೊನೆಯ ವರ್ಷಗಳಲ್ಲಿ ಹೇಗಿದ್ದ, ಏನು ಕಾಯಿಲೆ, ಊಟ ಸೇರುತ್ತಿತ್ತೇ, ಯಾರು ನೋಡಿಕೊಂಡರು ಎಂದು ಒಂದೊಂದಾಗಿ ಕೇಳತೊಡಗಿದರು. ಆಕೆ ಹೇಳುತ್ತಾ ಹೋದಳು. ಯಜಮಾನನೂ ನಾನೂ ಸದ್ದಿಲ್ಲದೆ ಎದ್ದು ಮೇಲೆ ಹೋದೆವು. ಆಕೆ ಮಧ್ಯಾಹ್ನ ಎರಡಕ್ಕೆ ಹೊರಡುವವಳಿದ್ದಳು. ನಾನು ನಾಲ್ಕೂವರೆಯ ಬಸ್ಸಿಗೆ ಹೊರಟಾಗ ಆಕೆಯ ಕಾರು ಇನ್ನೂ ಅಂಗಳದಲ್ಲೇ ನಿಂತಿತ್ತು.